ತಂತ್ರಶಾಸ್ತ್ರದ ವಿದ್ಯಾರ್ಥಿಗೆ ನರವಿಜ್ಞಾನದ ಸಂಶೋಧನಾ ಹುದ್ದೆ

ಮಿದುಳಿನ ಅಧ್ಯಯನವು ವೈದ್ಯರಿಗೆ ಮಾತ್ರ ಮೀಸಲಾದುದೆಂಬ ಭಾವನೆ ಜನರಲ್ಲಿ ರೂಢಮೂಲವಾಗಿದೆ. ವಿಜ್ಞಾನದ ಇತಿಹಾಸವು ಹೇಳುವುದು ಬೇರೆ. 1924ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಅವರು ಮಾನವನ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಪ್ರಥಮ ಬಾರಿಗೆ ದಾಖಲಿಸಿದರು. ನೆತ್ತಿಯ ಮೇಲೆ ದೊರೆಯುವ ಈ ಸಂಕೇತವು ಸಾಮಾನ್ಯವಾಗಿ ಒಂದು ವೋಲ್ಟಿನ ಲಕ್ಷದಲ್ಲಿ ಕೆಲವು ಭಾಗಗಳಷ್ಟೇ. ಅದನ್ನು ವರ್ಧಿಸಿ, ಬೇಡದ ಸಂಕೇತಗಳಿಂದ ಬೇರ್ಪಡಿಸುವ ವಿದ್ಯೆ ಎಂಜಿನಿಯರನದು. 1952ರಲ್ಲಿ ಹಾಡ್ಕಿನ್ ಮತ್ತು ಹಕ್ಸ್‌ಲಿ ಅವರು ಸ್ಕ್ವಿಡ್ ಎಂಬ ಕಡಲಜೀವಿಯ ನರತಂತುವನ್ನು ವಿದ್ಯುನ್ಮಂಡಲದಂತೆ ಭಾವಿಸಿ, ನರಸಂಕೇತದ ಹರಿವನ್ನು ಸಮೀಕರಣಗಳಲ್ಲಿ ನಿರೂಪಿಸಿದರು. 1963ರಲ್ಲಿ ನೊಬೆಲ್ ಪಾರಿತೋಷಕದ ಭಾಗಿಗಳಾದರು. ಇವರಲ್ಲಿ ಹಕ್ಸ್‌ಲಿ ಅವರು ಎಂಜಿನಿಯರ್ ಆಗುವ ಉದ್ದೇಶದಿಂದಲೇ ಕೇಂಬ್ರಿಜ್ ಸೇರಿದ್ದವರು.

ಕರ್ನಾಟಕದ ವಿದ್ಯಾರ್ಥಿಗೆ ಇಂತಹ ಅಧ್ಯಯನದ ತಾಣಗಳು ದೂರವಿಲ್ಲ. ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2009ರಲ್ಲಿ ಸ್ಥಾಪಿತವಾದ ನರವಿಜ್ಞಾನ ಕೇಂದ್ರವಿದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವೂ ಇದೆ.

ಆದರೆ ಹುದ್ದೆಯ ಸ್ವರೂಪವನ್ನು ಮೊದಲು ಅರಿಯಬೇಕು. ಪ್ರಾಧ್ಯಾಪಕರು ಸರ್ಕಾರದ ವಿಜ್ಞಾನ ಇಲಾಖೆಗಳಿಂದ ನಿಗದಿತ ಅವಧಿಗೆ ಅನುದಾನ ಪಡೆಯುತ್ತಾರೆ. ಉಪಕರಣಗಳ ವೆಚ್ಚದಂತೆ ಸಹಾಯಕರ ವೇತನವೂ ಅದರಿಂದಲೇ ಬರುತ್ತದೆ. ಯೋಜನೆ ಮುಗಿದಾಗ ಹುದ್ದೆಯೂ ಮುಗಿಯುತ್ತದೆ. ಗೇಟ್ ಅಥವಾ ನೆಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದ ಕಿರಿಯ ಸಂಶೋಧಕನಿಗೆ 2023ರ ಜನವರಿಯಿಂದ ಅನ್ವಯಿಸುವಂತೆ ತಿಂಗಳಿಗೆ 37,000 ರೂಪಾಯಿ ಹಾಗೂ ಮನೆ ಬಾಡಿಗೆ ಭತ್ಯೆ ನಿಗದಿಯಾಯಿತು. ಸಾಲ ಮಾಡಿ ಮಗನನ್ನೋ ಮಗಳನ್ನೋ ಓದಿಸಿದ ಕುಟುಂಬಕ್ಕೆ ಇದು ದೊಡ್ಡ ಮೊತ್ತವೇ ಸರಿ. ಆದರೆ ಖಾಯಂ ನೌಕರಿಯಲ್ಲ. ಈ ಸತ್ಯವನ್ನು ತಂದೆತಾಯಿಗಳಿಗೆ ಮುಂಚೆಯೇ ತಿಳಿಸುವುದು ವಿದ್ಯಾರ್ಥಿಯ ಕರ್ತವ್ಯ. ಈ ಹುದ್ದೆಯನ್ನು ಪಿಎಚ್.ಡಿ. ಪದವಿಗೆ ಏರುವ ಮೆಟ್ಟಿಲೆಂದು ಭಾವಿಸುವವನಿಗೆ ಅದು ಸಾರ್ಥಕ.

ಹುದ್ದೆಯನ್ನು ಅರಸುವ ಕ್ರಮ ಯಾವುದು? ಸಂಸ್ಥೆಗಳ ಜಾಲತಾಣಗಳಲ್ಲಿ ಪ್ರಕಟಣೆಗಳು ಬರುತ್ತವೆ. ಅರ್ಜಿಯ ಗಡುವು ಹಲವೊಮ್ಮೆ ಅಲ್ಪ. ಆದುದರಿಂದ ಪ್ರಕಟಣೆಗಾಗಿ ಕಾದು ಕುಳಿತಿರುವುದಕ್ಕಿಂತ, ತನ್ನನ್ನು ಸೆಳೆಯುವ ಪ್ರಶ್ನೆಯೊಂದನ್ನು ಮೊದಲು ಗುರುತಿಸಿಕೊಳ್ಳಬೇಕು. ಮೂರ್ಛೆರೋಗದ ಮುನ್ಸೂಚನೆ ಸಾಧ್ಯವೇ? ಕೈ ಕಳೆದುಕೊಂಡವನ ಕೃತಕ ಕೈಗೆ ನರಸಂಕೇತವೇ ಆಜ್ಞೆಯಾಗಬಲ್ಲುದೇ? ಅಂತಹ ಪ್ರಶ್ನೆಯಲ್ಲಿ ನಿರತರಾದ ಮೂರು ನಾಲ್ಕು ಪ್ರಾಧ್ಯಾಪಕರ ಸಂಶೋಧನಾ ಲೇಖನಗಳನ್ನು ಓದಿ, ಪ್ರತಿಯೊಬ್ಬರಿಗೂ ಒಂದು ಪುಟದ ಪತ್ರ ಬರೆಯಬೇಕು. ಲೇಖನದಲ್ಲಿ ತನಗೆ ತಿಳಿದುದೇನು, ತಿಳಿಯದುದೇನು, ವಿದ್ಯುನ್ಮಂಡಲ, ಸಂಕೇತ ಸಂಸ್ಕರಣೆ, ಕಂಪ್ಯೂಟರ್ ಕ್ರಮವಿಧಿ ಇವುಗಳಲ್ಲಿ ತಾನು ಮಾಡಿ ತೋರಿಸಿದ ಕೆಲಸವೇನು ಎಂಬುದು ಅದರಲ್ಲಿರಲಿ. ಒಂದೇ ಒಕ್ಕಣೆಯ ಪತ್ರವನ್ನು ಐವತ್ತು ಜನರಿಗೆ ಕಳುಹಿಸುವುದು ಬಂಡೆಯ ಮೇಲೆ ಬಿತ್ತಿದಂತೆ. ಜೀವಶಾಸ್ತ್ರ ಬಾರದೆಂಬುದನ್ನು ಮರೆಮಾಚಬೇಕಾಗಿಲ್ಲ. ಕಲಿಯಲು ಆರಂಭಿಸಿರುವುದನ್ನು ತೋರಿಸಿದರೆ ಸಾಕು.

ಸಂದರ್ಶನದಲ್ಲಿ ಅಭ್ಯರ್ಥಿಯೂ ಪ್ರಶ್ನಿಸಬಹುದು. ಯೋಜನೆಯಲ್ಲಿ ಉಳಿದಿರುವ ಅವಧಿ ಎಷ್ಟು, ತನ್ನ ದುಡಿಮೆಗೆ ಪ್ರಬಂಧದಲ್ಲಿ ಮನ್ನಣೆ ಇರುವುದೇ ಎಂದು ವಿನಯದಿಂದ ಕೇಳುವುದು ಉದ್ಧಟತನವಲ್ಲ, ವಿವೇಕ.

ಅಂಕಪಟ್ಟಿಯು ಬಾಗಿಲ ತನಕ ಕರೆದೊಯ್ಯಬಲ್ಲುದು. ಒಳಗೆ ಕರೆಯಿಸಿಕೊಳ್ಳುವುದು ತಾನೇ ಅರಸಿಕೊಂಡ ಪ್ರಶ್ನೆಯಿಂದ. ಅದನ್ನು ಅರಸುವ ಅಭ್ಯಾಸವು ಶಾಲೆಯಲ್ಲಿಯೇ ಮೊದಲಾಗಬೇಕು.