ಮಕ್ಕಳ ಪ್ರಶ್ನೆಗಳಿಗೆ ಉತ್ತರ ಕೊಡುವ ವಿಷಯ



ಮಾತು ಕಲಿತ ಕೂಸು ಮೊದಲು "ಇದೇನು?" ಎಂದು ಕೇಳುತ್ತದೆ, ಸ್ವಲ್ಪ ದೊಡ್ಡದಾದ ಮೇಲೆ "ಯಾಕೆ?" ಎಂದು ಕೇಳುತ್ತದೆ. ತಾಯಿಯು ಒಲೆಯ ಮುಂದೆ ಇರುವಾಗಲೂ ತಂದೆಯು ಹೊಲದಿಂದ ದಣಿದು ಬಂದಾಗಲೂ ಅದು ಬಿಡುವದಿಲ್ಲ. ಆಗ ಹಿರಿಯರು "ಬಾಯಿ ಮುಚ್ಚು" ಎಂದು ಗದರಿಸುವದುಂಟು. ಇಲ್ಲವೆ "ಗುಮ್ಮ ಬರುತ್ತಾನೆ" ಎಂದು ಹೆದರಿಸುವದುಂಟು. ಇದು ಸರಿಯೋ ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

ಮಗುವಿನ ಪ್ರಶ್ನೆಯು ಹಟವಲ್ಲ, ಹಸಿವೆಯೇ. ಸ್ವಿಟ್ಜರ್ಲೆಂಡ್ ದೇಶದ ಜೀನ್ ಪಿಯಾಜೆ ಎಂಬ ಪಂಡಿತರು 1923ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಆರು ವರುಷದ ಒಬ್ಬ ಹುಡುಗನು ಕೇಳಿದ 1,125 ಪ್ರಶ್ನೆಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಅಮೇರಿಕದಲ್ಲಿ 2009ರಲ್ಲಿ ಪ್ರಕಟವಾದ ಇನ್ನೊಂದು ಪರಿಶೋಧನೆಯಿಂದ ತಿಳಿದದ್ದೇನಂದರೆ: ತಕ್ಕ ಕಾರಣವನ್ನು ಹೇಳಿದರೆ ಚಿಕ್ಕ ಮಕ್ಕಳು ಒಪ್ಪಿಕೊಳ್ಳುತ್ತಾರೆ, ಇಲ್ಲವೆ ಅದರಿಂದ ಮುಂದಿನ ಪ್ರಶ್ನೆಗೆ ಹೋಗುತ್ತಾರೆ, ಕಾರಣವನ್ನು ಹೇಳದೆ ಹೋದರೆ ಅದನ್ನೇ ತಿರಿಗಿ ಕೇಳುತ್ತಾರೆ, ಇಲ್ಲವೆ ತಾವೇ ಒಂದು ಕಾರಣವನ್ನು ಕಟ್ಟಿಕೊಳ್ಳುತ್ತಾರೆ. ಆದಕಾರಣ ಗದರಿಕೆಯು ಬಾಯನ್ನು ಮುಚ್ಚೀತೇ ಹೊರತು ಮನಸ್ಸನ್ನು ಮುಚ್ಚಲಾರದು.

ಯೆಹೋಶುವನು ಯೊರ್ದನ್ ಹೊಳೆಯೊಳಗಿಂದ 12 ಕಲ್ಲುಗಳನ್ನು ಎತ್ತಿಸಿ ಗಿಲ್ಗಾಲಿನಲ್ಲಿ ನಿಲ್ಲಿಸಿದ್ದು ಯಾತಕ್ಕೆ? ಮುಂದೆ ಮಕ್ಕಳು ಅವುಗಳನ್ನು ಕಂಡು ಕೇಳುವರು, ಆಗ ತಂದೆಗಳು ಉತ್ತರ ಹೇಳಬೇಕು ಎಂಬದಕ್ಕೇ. ಮಕ್ಕಳು ಕೇಳುವಂತೆ ಮಾಡುವದು ಹಿರಿಯರ ಕೆಲಸವಾಗಿತ್ತು.

ಹಾಗಾದರೆ ಉತ್ತರ ಕೊಡುವದು ಹೇಗೆ?

1. ಮಗುವಿನ ಎಣಿಕೆಯನ್ನು ಮೊದಲು ಕೇಳತಕ್ಕದ್ದು. "ನಾವು ನಡೆದರೆ ಚಂದ್ರನು ಯಾಕೆ ಕೂಡ ಬರುತ್ತಾನೆ?" ಎಂದು ಕೇಳಿದರೆ, "ನಿನಗೆ ಹೇಗೆ ತೋರುತ್ತದಪ್ಪಾ?" ಎನ್ನಿರಿ. ಅನಂತರ ತೋರಿಸಿರಿ: ದಾರಿಯ ಬದಿಯ ಮರವು ಬೇಗ ಹಿಂದೆ ಬೀಳುತ್ತದೆ, ದೂರದ ಗುಡ್ಡವು ಮೆಲ್ಲಗೆ ಹಿಂದೆ ಬೀಳುತ್ತದೆ, ಸುಮಾರು 3,84,000 ಕಿಲೋಮೀಟರ್ ದೂರವಿರುವ ಚಂದ್ರನು ಹಿಂದೆ ಬಿದ್ದಂತೆ ಕಾಣುವದೇ ಇಲ್ಲ.

2. ತಿಳಿಯದಿದ್ದರೆ "ತಿಳಿಯದು, ವಿಚಾರಿಸೋಣ" ಎನ್ನತಕ್ಕದ್ದು. ಹೀಗೆ ಹೇಳುವದರಿಂದ ತಂದೆಯ ಮಾನ ಹೋಗುವದಿಲ್ಲ. ಶಾಲೆಯ ಉಪಾಧ್ಯಾಯರನ್ನು ಮಗುವಿನ ಸಂಗಡ ಹೋಗಿ ಕೇಳಿದರೆ, ತಿಳಿಯದವನು ಮಾಡತಕ್ಕದ್ದೇನೆಂದು ಮಗುವು ಕಲಿಯುವದು.

3. ಸಮಯವಿಲ್ಲದಿದ್ದರೆ ಗೊತ್ತಾದ ಹೊತ್ತನ್ನು ಹೇಳತಕ್ಕದ್ದು. "ಊಟವಾದ ಮೇಲೆ ಹೇಳುತ್ತೇನೆ" ಎಂದವರು ಊಟವಾದ ಮೇಲೆ ತಾವಾಗಿಯೇ ಹೇಳಬೇಕು.

4. ಸುಳ್ಳನ್ನಾಗಲಿ ಮುಸುಕಿನ ಮಾತನ್ನಾಗಲಿ ಹೇಳಬಾರದು. ಇದು ಎಲ್ಲಕ್ಕಿಂತ ಮುಖ್ಯವಾದದ್ದು. ಮನೆಯಲ್ಲಿ ಅಜ್ಜಿ ತೀರಿಹೋದಾಗ "ಅಜ್ಜಿ ಎಲ್ಲಿ?" ಎಂದು ಕೂಸು ಕೇಳುತ್ತದೆ. "ನಿದ್ರೆಹೋದರು" ಎಂಬ ಮಾತು ಸಭೆಯಲ್ಲಿ ವಾಡಿಕೆಯಾದದ್ದು. ದೊಡ್ಡವರಿಗೆ ಅದರ ಅರ್ಥ ಗೊತ್ತು. ನಾಲ್ಕು ವರುಷದ ಮಗುವಾದರೋ ಅದನ್ನು ಇದ್ದ ಹಾಗೆಯೇ ತಿಳಿಯುವದು. ಮಲಗಿದವರು ಏಳುವದಿಲ್ಲವೆಂದು ಎಣಿಸಿ ಚಾಪೆಯ ಮೇಲೆ ಮಲಗಲು ಅಂಜೀತು. ಅಜ್ಜಿ ಯಾವಾಗ ಏಳುವಳೆಂದು ಕಾದೀತು. ಆದದರಿಂದ ಅದನ್ನು ಮಡಿಲಲ್ಲಿ ಕೂಡಿಸಿಕೊಂಡು, "ಅಜ್ಜಿ ಸತ್ತಳು, ಮಗಾ. ಅವಳ ಶರೀರ ಇನ್ನು ಉಸಿರಾಡುವದಿಲ್ಲ, ಅದಕ್ಕೆ ನೋವೂ ಇಲ್ಲ. ನಿದ್ರೆ ಬೇರೆ, ಸಾವು ಬೇರೆ" ಎಂದು ಮೆಲ್ಲಗೆ ಹೇಳಿರಿ. ಬಳಿಕ ನಮ್ಮ ನಿರೀಕ್ಷೆಯ ಮಾತನ್ನು ಹೇಳಿದರೆ ಅದು ನೆಲೆಯಾಗಿ ನಿಲ್ಲುವದು.

ಇಂದು ಚಂದ್ರನ ವಿಷಯ ಕೇಳಿ ಗದರಿಕೆ ತಿಂದ ಮಗುವು, ಹತ್ತು ವರುಷದ ಮೇಲೆ ತನ್ನ ಭಯವನ್ನೂ ಸಂಕಟವನ್ನೂ ಯಾರ ಮುಂದೆ ಹೇಳೀತು? ಚಿಕ್ಕ ಪ್ರಶ್ನೆಗೆ ತೆರೆದ ಬಾಗಿಲೇ ದೊಡ್ಡ ಪ್ರಶ್ನೆಗೂ ಬಾಗಿಲು.

ಮನೆಯಲ್ಲಿ ಆಲೋಚಿಸತಕ್ಕ ಪ್ರಶ್ನೆಗಳು:

1. ಈ ವಾರ ನಮ್ಮ ಮಕ್ಕಳು ಕೇಳಿದ್ದೇನು? ಅವುಗಳಲ್ಲಿ ಯಾವದಕ್ಕೆ ಉತ್ತರ ಬಾಕಿ ಇದೆ?
2. ಅವರನ್ನು ಸುಮ್ಮನಿರಿಸಲು ಈ ಮನೆಯಲ್ಲಿ ಯಾವ ಹೆದರಿಕೆಯ ಮಾತು ನಡೆಯುತ್ತದೆ?