ಏಕಾಂತ, ಒಂಟಿತನ, ಐಸೊಲೇಷನ್

ಶಬ್ದಗಳ ಅರ್ಥಭೇದವನ್ನರಿಯುವುದು ಬರಿಯ ವ್ಯಾಕರಣದ ಕೆಲಸವೆಂದು ನಾವು ಬಹುಕಾಲ ಎಣಿಸಿದ್ದೆವು.

‘ಐಸೊಲೇಷನ್’ ಎಂಬುದರ ಮೂಲವು ‘ಇನ್ಸುಲಾ’ ಎಂಬ ಲ್ಯಾಟಿನ್ ಶಬ್ದವು. ದ್ವೀಪವೆಂದು ಅದರ ಅರ್ಥ. ದ್ವೀಪದ ಸುತ್ತಲೂ ನೀರಿರುವಂತೆ ನಡುವೆ ಅಂತರವನ್ನಿಟ್ಟು ಬೇರ್ಪಡಿಸುವುದೇ ಇದರ ಭಾವವು. ‘ಏಕಾಂತ’ವಾದರೋ ನಾವೇ ಬಯಸಿ ಸೇರತಕ್ಕದ್ದು, ಓದಿಗೂ ಆಲೋಚನೆಗೂ ಅದು ಬೇಕು. ‘ಒಂಟಿತನ’ವು ಮನಸ್ಸಿನ ವ್ಯಥೆ, ಜಾತ್ರೆಯ ಗದ್ದಲದ ನಡುವೆಯೂ ಅದು ಬಾಧಿಸೀತು.

೨೦೨೦ನೆಯ ಇಸವಿಯಲ್ಲಿ ಕೋವಿಡ್ ವ್ಯಾಧಿಯು ಹರಡಲು ‘ಕ್ವಾರಂಟೈನ್’ ಎಂಬ ಮಾತೂ ಮನೆಮನೆಗೆ ಬಂದಿತು. ಇಟಲಿಯ ಭಾಷೆಯಲ್ಲಿ ನಾಲ್ವತ್ತೆಂಬುದಕ್ಕಿರುವ ಶಬ್ದದಿಂದ ಇದು ಹುಟ್ಟಿತು. ಪ್ಲೇಗಿನ ಭಯದಿಂದ ವೆನಿಸ್ ಪಟ್ಟಣದವರು ಹಡಗುಗಳನ್ನು ೪೦ ದಿವಸ ತಡೆದಿರಿಸುತ್ತಿದ್ದರು. ರೋಗಿಯನ್ನು ಬೇರೆ ಇರಿಸುವುದು ಐಸೊಲೇಷನ್. ಸೋಂಕು ತಗಲಿರಬಹುದಾದವರನ್ನು, ರೋಗವು ಕಾಣಿಸುವುದಕ್ಕೆ ಮುಂಚೆಯೇ, ಬೇರೆ ಇರಿಸಿ ನೋಡುವುದು ಕ್ವಾರಂಟೈನ್.

ಈ ಭೇದವನ್ನರಿಯದೆ ನಾವು, ಕ್ವಾರಂಟೈನಿನಲ್ಲಿದ್ದ ನೆರೆಮನೆಯ ಅಮ್ಮನವರನ್ನು ರೋಗಿಯೆಂದೇ ಎಣಿಸಿ, ಅವರತ್ತಲಿನ ಕಿಟಕಿಯನ್ನು ಮುಚ್ಚಿಕೊಂಡೆವು. ದೂರದಿಂದ ಕೂಗಿ ಕುಶಲ ಕೇಳುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ೧೪ ದಿವಸ ಕೇಳಲಿಲ್ಲ. ಸರಕಾರದ ಆಜ್ಞೆಯು ಅವರನ್ನು ಬೇರ್ಪಡಿಸಿತ್ತು, ಅಷ್ಟೆ, ಒಂಟಿಮಾಡಿದವರು ನಾವು. ಅವರಿಗೆ ರೋಗವು ತಗಲಿರಲೇ ಇಲ್ಲವೆಂದು ತರುವಾಯ ತಿಳಿಯಿತು.