ಸೂರ್ಯ ನೆತ್ತಿಯ ಮೇಲಿದ್ದಾಗ ಮದುಮಗಳ ಫೋಟೊ

ಅಭಿಜಿನ್ ಲಗ್ನವೆಂದರೆ ನಡುಹಗಲು. ಧಾರೆಯಾಗಿ, ಅಕ್ಷತೆ ಬಿದ್ದು, ಮದುಮಕ್ಕಳು ಮಂಟಪದಿಂದ ಹೊರಗೆ ಕಾಲಿಡುವಾಗ ಗಂಟೆ ಹನ್ನೆರಡೂವರೆ ದಾಟಿರುತ್ತದೆ. ಅದೂ ಮದುವೆಗಳು ಸಾಲುಗಟ್ಟುವ ಏಪ್ರಿಲ್, ಮೇ ತಿಂಗಳು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು, ಮೈಸೂರಿನಲ್ಲಿ ಅದಕ್ಕೆ ಒಂದೆರಡು ದಿನ ಮೊದಲು, ಕಲಬುರಗಿಯಲ್ಲಿ ಮೇ ಎರಡನೇ ವಾರದಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕೋಲಿಗೂ ಆಗ ಪಕ್ಕದಲ್ಲಿ ನೆರಳು ಕಾಣುವುದಿಲ್ಲ. ಶೂನ್ಯ ನೆರಳಿನ ದಿನ ಎಂದು ವಿಜ್ಞಾನ ಸಂಸ್ಥೆಗಳು ಮಕ್ಕಳಿಗೆ ತೋರಿಸುವುದು ಇದನ್ನೇ. ಫೋಟೊ ತೆಗೆಯುವವರಿಗೆ ಮಾತ್ರ ಆ ನೆರಳೆಲ್ಲ ಮದುಮಗಳ ಮುಖದಲ್ಲಿ ಸಿಗುತ್ತದೆ: ಹುಬ್ಬಿನ ಕೆಳಗೆ ಕಣ್ಣು ಗುಳಿಬಿದ್ದಂತೆ, ಮೂಗಿನ ಕೆಳಗೆ ಕಪ್ಪು ಪಟ್ಟಿ, ಬೈತಲೆ ಬೊಟ್ಟಿನ ಕೆಳಗೆ ಹಣೆಯ ಮೇಲೆ ಇನ್ನೊಂದು ಕಲೆ.

ಇನ್ನೂ ದುಬಾರಿ ಕ್ಯಾಮೆರಾ ತಂದರೆ ಈ ತೊಂದರೆ ಹೋಗುವುದಿಲ್ಲ. ಮದುಮಗಳನ್ನು ನಾಲ್ಕು ಹೆಜ್ಜೆ ಪಕ್ಕಕ್ಕೆ ಕರೆದರೆ ಹೋಗುತ್ತದೆ. ಯಾವ ಪಕ್ಕಕ್ಕೆ ಎಂಬುದನ್ನು ತಿಳಿಯುವುದೇ ಈ ಕೆಲಸದ ಮುಕ್ಕಾಲು ಪಾಲು.

ಹಿಂದಿನ ದಿನವೇ ಜಾಗ ನೋಡಿ

ಮದುವೆಗೆ ಮುಂಚಿನ ದಿನ, ಫೋಟೊ ತೆಗೆಯಬೇಕಾದ ಹೊತ್ತಿಗೇ ಆ ಜಾಗಕ್ಕೆ ಹೋಗಿ. ಬೆಳಿಗ್ಗೆ ಎಂಟಕ್ಕೆ ನೋಡಿದ ನೆರಳು ಮಧ್ಯಾಹ್ನ ಅಲ್ಲಿರುವುದಿಲ್ಲ. ನಿಮ್ಮ ಅಂಗೈಯನ್ನು ಮುಖದ ಎತ್ತರಕ್ಕೆ ಹಿಡಿದು ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿ. ಯಾವ ದಿಕ್ಕಿನಲ್ಲಿ ಅಂಗೈ ಗೆರೆಗಳು ಮೆತ್ತಗೆ, ಸಮನಾಗಿ ಕಾಣುತ್ತವೆಯೋ ಆ ಕಡೆಗೆ ಮದುಮಗಳ ಮುಖ ತಿರುಗಿರಬೇಕು. ಜೊತೆಗೊಬ್ಬರು ಬಂದಿದ್ದರೆ ಅವರ ಮುಖವನ್ನೇ ನೋಡಿ. ಕಣ್ಣಿನ ಪಾಪೆಯಲ್ಲಿ ಆಕಾಶದ ಹೊಳಪು ಕಂಡರೆ ಜಾಗ ಸಿಕ್ಕಿತೆಂದೇ ಲೆಕ್ಕ.

ಪುರಾತತ್ವ ಇಲಾಖೆಯ ಸ್ಮಾರಕ, ದೇವಸ್ಥಾನದ ಪ್ರಾಕಾರ, ಸರ್ಕಾರಿ ಉದ್ಯಾನ ಇವುಗಳಲ್ಲಿ ಮದುವೆ ಫೋಟೊಗೆ, ಅದರಲ್ಲೂ ಟ್ರೈಪಾಡ್ ಮತ್ತು ದೀಪಗಳಿಗೆ, ಮೊದಲೇ ಅನುಮತಿ ಕೇಳಿಕೊಳ್ಳಿ. ಮದುಮಗಳನ್ನು ಸಿಂಗರಿಸಿ ಕರೆತಂದ ಮೇಲೆ ಗೇಟಿನಲ್ಲಿ ವಾದಕ್ಕಿಳಿಯುವ ಪಾಡು ಯಾರಿಗೂ ಬೇಡ.

ಒಳ್ಳೆಯ ನೆರಳು ಎಲ್ಲಿರುತ್ತದೆ

ಮೇಲೆ ಮುಚ್ಚಿರಬೇಕು, ಮುಂದೆ ತೆರೆದಿರಬೇಕು. ಹಳೆಯ ಮನೆಗಳನ್ನು ಕಟ್ಟಿದವರು ಇಂಥ ಜಾಗಗಳನ್ನು ಧಾರಾಳವಾಗಿ ಬಿಟ್ಟುಹೋಗಿದ್ದಾರೆ. ಮಲೆನಾಡಿನ ಜಗಲಿ, ಬಯಲುಸೀಮೆಯ ಪಡಸಾಲೆ, ದೇವಸ್ಥಾನದ ಮುಖಮಂಟಪ, ಶಾಲೆಯ ವರಾಂಡ ಎಲ್ಲವೂ ಇದೇ ಬಗೆಯವು. ಮದುಮಗಳನ್ನು ನೆರಳಿನ ಅಂಚಿನಿಂದ ಎರಡು ಮೂರು ಅಡಿ ಒಳಗೆ ನಿಲ್ಲಿಸಿ, ಮುಖವನ್ನು ಹೊರಗಿನ ಬಯಲಿನತ್ತ ತಿರುಗಿಸಿ. ಮಾಡು ಮೇಲಿನ ಬಿಸಿಲನ್ನು ತಡೆಯುತ್ತದೆ, ಆಕಾಶ ಮುಂದಿನಿಂದ ಮುಖವನ್ನು ಬೆಳಗುತ್ತದೆ, ಹಿಂದಿನ ಒಳಮನೆ ತಾನಾಗಿಯೇ ಕತ್ತಲಾಗಿ ಸೀರೆಯ ಅಂಚು ಎದ್ದು ಕಾಣುತ್ತದೆ. ತೀರಾ ಒಳಗೆ ಕರೆದರೆ ಮುಖ ಮಂಕಾಗುತ್ತದೆ. ತೀರಾ ಅಂಚಿಗೆ ತಂದರೆ ಕಿವಿಯ ಮೇಲೋ ಭುಜದ ಮೇಲೋ ಬಿಸಿಲಿನ ತುಂಡು ಬಿದ್ದು ಸುಟ್ಟಂತೆ ಬೆಳ್ಳಗಾಗುತ್ತದೆ.

ತೊಟ್ಟಿಮನೆ ಸಿಕ್ಕರೆ ಬೇರೆಲ್ಲೂ ಹೋಗಬೇಡಿ. ನಡುವಿನ ತೊಟ್ಟಿಯ ಮೇಲೆ ಆಕಾಶ ತೆರೆದಿರುತ್ತದೆ, ನಾಲ್ಕೂ ಕಡೆ ಸೂರು ಇಳಿಬಿದ್ದಿರುತ್ತದೆ. ಬಿಸಿಲು ತೊಟ್ಟಿಯ ನೆಲಕ್ಕೋ ಒಂದು ಗೋಡೆಗೋ ಬಡಿದು ಎದುರಿನ ಪಡಸಾಲೆಯನ್ನು ತುಂಬುತ್ತದೆ. ಬಿಸಿಲು ಬಿದ್ದ ಕಡೆಗೆ ಎದುರಾಗಿ, ಕಂಬದ ಪಕ್ಕದಲ್ಲಿ ಮದುಮಗಳನ್ನು ಕೂರಿಸಿ. ಯಾವ ಸ್ಟುಡಿಯೋ ದೀಪವೂ ಕೊಡಲಾರದ ಬೆಳಕು ಅದು, ಮಧ್ಯಾಹ್ನ ಹನ್ನೆರಡಕ್ಕೂ ಸಿಗುತ್ತದೆ.

ಇನ್ನು ಕಾಲ ಕೆಳಗಿನ ನೆಲವನ್ನು ಬಹಳ ಜನ ಗಮನಿಸುವುದೇ ಇಲ್ಲ. ಮುಂದಿನ ಅಂಗಳಕ್ಕೆ ಬಿದ್ದ ಬಿಸಿಲು ಕೆಳಗಿನಿಂದ ಮುಖಕ್ಕೆ ಚಿಮ್ಮುತ್ತದೆ. ಸಿಮೆಂಟಿನ ಅಂಗಳವಾದರೆ ಬಿಳಿ ಬೆಳಕು, ಕೆಮ್ಮಣ್ಣಾದರೆ ಬೆಚ್ಚಗಿನ ಬೆಳಕು. ಎರಡೂ ಒಳ್ಳೆಯವೇ. ರೆಸಾರ್ಟಿನ ಹಸಿರು ಹುಲ್ಲುಹಾಸು ಮಾತ್ರ ಗಲ್ಲದ ಕೆಳಗೆ, ಕತ್ತಿನ ಮೇಲೆ ಹಸಿರು ಬಳಿಯುತ್ತದೆ. ಹುಲ್ಲಿನ ಮೇಲೆಯೇ ನಿಲ್ಲಿಸಬೇಕಾಗಿ ಬಂದರೆ ಕ್ಯಾಮೆರಾದ ಚೌಕಟ್ಟಿನ ಹೊರಗೆ, ಅವಳ ಮುಂದೆ ಬಿಳಿ ಬಟ್ಟೆ ಹಾಸಿ.

ನಂಬಬಾರದ ನೆರಳು

ಅಡಿಕೆ ತೋಟ, ತೆಂಗಿನ ತೋಟ, ತೆಂಗಿನ ಗರಿಯ ಚಪ್ಪರ ಇವುಗಳ ನೆರಳು ಕಣ್ಣಿಗೆ ತಂಪು, ಕ್ಯಾಮೆರಾಕ್ಕೆ ಕಷ್ಟ. ಎಲೆಯ ಸಂದಿನಿಂದ ಇಳಿದ ಬಿಸಿಲಿನ ಚುಕ್ಕೆಗಳು ಕೆನ್ನೆಯ ಮೇಲೆ, ಮೂಗಿನ ತುದಿಯಲ್ಲಿ ಕೂರುತ್ತವೆ. ಎಡಿಟಿಂಗ್‌ನಲ್ಲಿ ಅವನ್ನು ಅಳಿಸಲು ಹೋದರೆ ಮುಖವೇ ಪ್ಲಾಸ್ಟಿಕ್ ಆಗುತ್ತದೆ. ತೋಟ ಬೇಕೇ ಬೇಕೆಂದರೆ ಅದನ್ನು ಹಿನ್ನೆಲೆಗೆ ಇಟ್ಟುಕೊಂಡು, ಮದುಮಗಳನ್ನು ದಟ್ಟವಾದ ಹಲಸಿನ ಮರದ ಅಥವಾ ಮಾವಿನ ಮರದ ಕೆಳಗೆ ನಿಲ್ಲಿಸಿ.

ಬೇಸಿಗೆಯ ಚಪ್ಪರಕ್ಕೆ ಈಗ ಹಸಿರು ಶೇಡ್ ನೆಟ್ ಕಟ್ಟುತ್ತಾರೆ, ಇಲ್ಲವೇ ಕೆಂಪು ಹಳದಿ ಶಾಮಿಯಾನ ಹಾಕುತ್ತಾರೆ. ಬಣ್ಣದ ಬಟ್ಟೆಯಿಂದ ಸೋಸಿ ಬಂದ ಬೆಳಕಿನಲ್ಲಿ ಉಳಿದ ಬಣ್ಣಗಳು ಬಹುಪಾಲು ಸತ್ತಿರುತ್ತವೆ, ವೈಟ್ ಬ್ಯಾಲೆನ್ಸ್ ತಿರುಗಿಸಿದರೂ ಅವು ಬದುಕುವುದಿಲ್ಲ. ಶಾಮಿಯಾನದವರಿಗೆ ಮೊದಲೇ ಹೇಳಿ, ಹಸೆಯ ಮೇಲಿನ ಒಂದು ಪರದೆಯನ್ನಾದರೂ ಬಿಳಿಯದು ಹಾಕಿಸಿ. ಖರ್ಚಿನಲ್ಲಿ ದೊಡ್ಡ ವ್ಯತ್ಯಾಸವಾಗುವುದಿಲ್ಲ, ಆಲ್ಬಮ್ಮಿನಲ್ಲಿ ಆಗುತ್ತದೆ.

ನೆರಳೇ ಇಲ್ಲದಿದ್ದರೆ

ಹಂಪಿಯ ಬಂಡೆ, ಕಡಲತೀರ, ಕಲ್ಯಾಣಿಯ ಮೆಟ್ಟಿಲು. ಇಂಥ ಕಡೆ ನೆರಳನ್ನು ನಾವೇ ಮಾಡಿಕೊಳ್ಳಬೇಕು. ದುಡ್ಡು ಕೊಟ್ಟು ಡಿಫ್ಯೂಸರ್ ಕೊಳ್ಳಬಹುದು. ಇಲ್ಲದಿದ್ದರೆ ತೊಳೆದ ಬಿಳಿ ಪಂಚೆಯನ್ನು ಇಬ್ಬರು ಹುಡುಗರು ಎಳೆದು ಮದುಮಗಳ ತಲೆಯಿಂದ ಮೂರು ನಾಲ್ಕು ಅಡಿ ಮೇಲೆ ಹಿಡಿದರೂ ಸಾಕು. ಕಡು ಬಿಸಿಲು ಹರಡಿಕೊಂಡು ಮೃದುವಾಗುತ್ತದೆ. ಪಂಚೆಗೆ ನೀಲಿ ಜಾಸ್ತಿ ಹಾಕಿರಬಾರದು, ಅಷ್ಟೆ.

ನಂತರ ಎದುರಿನಿಂದ, ಸೊಂಟದ ಎತ್ತರದಲ್ಲಿ ಬಿಳಿ ಥರ್ಮಾಕೋಲ್ ಹಲಗೆ ಹಿಡಿಸಿ. ಕಣ್ಣಗುಳಿಯ ಕಪ್ಪು ಕರಗುವುದು ಕಣ್ಣೆದುರೇ ಕಾಣುತ್ತದೆ. ಬೆಳ್ಳಿಬಣ್ಣದ ರಿಫ್ಲೆಕ್ಟರ್ ನಡುಹಗಲಿನಲ್ಲಿ ಕಣ್ಣು ಚುಚ್ಚುತ್ತದೆ, ಮದುಮಗಳು ಕಣ್ಣು ಬಿಡಲಾರಳು. ಚಿನ್ನದ ಬಣ್ಣದ್ದು ಮೈಯನ್ನು ಅರಿಶಿನ ಮೆತ್ತಿದಂತೆ ಮಾಡುತ್ತದೆ. ಬಿಳಿಯದೇ ಮೇಲು. ಬಿಸಿಲನ್ನು ತಿರುಗಿಸಿ ಬೇಕಾದಲ್ಲಿಗೆ ಕಳಿಸುವ ಈ ವಿದ್ಯೆಯಲ್ಲಿ ನಮಗೆ ದೊಡ್ಡ ಗುರುವೇ ಇದ್ದರು. ಮೈಸೂರಿನಲ್ಲಿ ಹುಟ್ಟಿದ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರು 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕನ್ನಡಿ ಹಿಡಿಸಿ ಹೊರಗಿನ ಬಿಸಿಲನ್ನು ಸ್ಟುಡಿಯೋ ಒಳಗೆ ತಂದು ಬಿಸಿಲುಕೋಲು ಮೂಡಿಸಿದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದದ್ದು ಅವರಿಗೆ. ಆ ಚಿತ್ರವನ್ನು ಬೆಳಕಿಗಾಗಿಯೇ ಒಮ್ಮೆ ನೋಡಿ.

ಪಂಚೆ, ಥರ್ಮಾಕೋಲ್ ಯಾವುದೂ ಕೈಗೆ ಸಿಗದಿದ್ದರೆ ಆ ಬಿಸಿಲಿಗೆ ಒಪ್ಪುವ ಚಿತ್ರವನ್ನೇ ತೆಗೆಯಿರಿ. ಮೇಲಿನಿಂದ ಇಳಿವ ಬೆಳಕು ಮುಖಕ್ಕೆ ಕ್ರೂರ, ಬೆನ್ನ ಮೇಲೆ ಇಳಿಬಿದ್ದ ಮೊಗ್ಗಿನ ಜಡೆಗೆ ಬಲು ಹಿತ. ಒಂದೊಂದು ಮೊಗ್ಗೂ ತನ್ನ ನೆರಳಿನೊಂದಿಗೆ ಎದ್ದು ನಿಲ್ಲುತ್ತದೆ. ಕೊಡವ ಮದುಮಗಳ ಹಿಂದುಗಡೆಯ ನೆರಿಗೆಗೂ ಇದೇ ಮಾತು. ಮುಖವೇ ಬೇಕಿದ್ದರೆ ಬಳೆಯನ್ನೋ ಮೆಹೆಂದಿಯನ್ನೋ ನೋಡುವಂತೆ ಹೇಳಿ. ರೆಪ್ಪೆ ಇಳಿದಾಗ ಕಣ್ಣಗುಳಿ ಅಷ್ಟಾಗಿ ಕಾಡುವುದಿಲ್ಲ. ಕ್ಯಾಮೆರಾ ನೋಡುವ ಚಿತ್ರಕ್ಕೆ, “ಕಣ್ಣು ಮುಚ್ಕೊಳ್ಳಿ, ಮೂರು ಅಂದಾಗ ಬಿಡಿ” ಎನ್ನಿ. ಕಣ್ಣು ಕಿರಿದಾಗುವ ಮುಂಚಿನ ಒಂದು ಕ್ಷಣ ಸಿಗುತ್ತದೆ. ಎರಡು ಮೂರು ಸಲಕ್ಕಿಂತ ಹೆಚ್ಚು ಇದನ್ನು ಮಾಡಿಸಬೇಡಿ. ಭಾರದ ರೇಷ್ಮೆ ಸೀರೆ, ಡಾಬು, ವಂಕಿ ತೊಟ್ಟು, ಬೆಳಗಿನಿಂದ ಉಪವಾಸವಿದ್ದು, ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತ ಹುಡುಗಿ ಅವಳು. ಕಾಲ ಕೆಳಗೆ ಒಂದು ಚಾಪೆ, ಪಕ್ಕದಲ್ಲಿ ನೀರು, ಬೆವರು ಒತ್ತಲು ಟಿಶ್ಯೂ ಇಷ್ಟನ್ನು ನಿಮ್ಮ ಬ್ಯಾಗಿನಲ್ಲೇ ಇಟ್ಟುಕೊಳ್ಳಿ. ಟಿಶ್ಯೂವನ್ನು ಒತ್ತಬೇಕು, ಉಜ್ಜಬಾರದು.

ಕ್ಯಾಮೆರಾದ ಲೆಕ್ಕ

ನಿಚ್ಚಳ ಬಿಸಿಲಿನಲ್ಲಿ ಹಳಬರ ಸೂತ್ರವೊಂದಿದೆ: ಎಫ್/16 ಇಟ್ಟರೆ ಶಟರ್ ಸ್ಪೀಡ್ ಐಎಸ್‌ಒ ಸಂಖ್ಯೆಯಷ್ಟೇ. ಐಎಸ್‌ಒ 100 ಆದರೆ ಸೆಕೆಂಡಿನ 1/100. ಹಿನ್ನೆಲೆ ಮಸುಕಾಗಲೆಂದು ಎಫ್/2.8ಕ್ಕೆ ತೆರೆದರೆ ಅದೇ ಬೆಳಕಿಗೆ 1/3200 ಬೇಕು. ಸಾಮಾನ್ಯ ಫ್ಲ್ಯಾಶ್ 1/200 ಅಥವಾ 1/250ಕ್ಕಿಂತ ವೇಗದಲ್ಲಿ ಹೊಂದಿಕೊಳ್ಳುವುದಿಲ್ಲ. ಹೈ ಸ್ಪೀಡ್ ಸಿಂಕ್ ಇದ್ದರೆ ಹೊಂದುತ್ತದೆ, ಆದರೆ ಫ್ಲ್ಯಾಶಿನ ಬಲ ಬಹಳ ಕುಗ್ಗುವುದರಿಂದ ಅದನ್ನು ಮದುಮಗಳ ಹತ್ತಿರಕ್ಕೇ ತರಬೇಕಾಗುತ್ತದೆ. ಹೊಸಬರು ಫ್ಲ್ಯಾಶಿಗಿಂತ ಮೊದಲು ಥರ್ಮಾಕೋಲ್ ಕಲಿಯುವುದು ಒಳ್ಳೆಯದು.

ಸೀರೆ ಕ್ಯಾಮೆರಾವನ್ನು ದಾರಿತಪ್ಪಿಸುತ್ತದೆ. ಕ್ಯಾಮೆರಾದ ಮೀಟರಿಗೆ ಎಲ್ಲವೂ ನಡು ಬೂದುಬಣ್ಣವಾಗಬೇಕು. ಧಾರೆಯ ಬಿಳಿ ಸೀರೆ ಚೌಕಟ್ಟು ತುಂಬಿದರೆ ಮೀಟರು ಬೆಳಕು ಇಳಿಸುತ್ತದೆ, ಮುಖ ಕಪ್ಪಾಗುತ್ತದೆ. ಎಕ್ಸ್‌ಪೋಷರನ್ನು ಮುಕ್ಕಾಲರಿಂದ ಒಂದು ಸ್ಟಾಪಿನಷ್ಟು ಏರಿಸಿ. ಕಡುನೇರಳೆ, ಕಡುಹಸಿರು ಸೀರೆಗಾದರೆ ಇಳಿಸಬೇಕು. ಕೆಂಪು ರೇಷ್ಮೆ ಇನ್ನೂ ಮೋಸಗಾರ. ಒಟ್ಟು ಹಿಸ್ಟೋಗ್ರಾಮ್ ಸರಿಯಿದ್ದರೂ ಕೆಂಪು ಚಾನೆಲ್ ಮಾತ್ರ ಬಲತುದಿಗೆ ಬಡಿದು, ನೆರಿಗೆ, ನೇಯ್ಗೆ ಎಲ್ಲ ಒಂದೇ ಕೆಂಪು ಮುದ್ದೆಯಾಗಿರುತ್ತದೆ. ಆರ್‌ಜಿಬಿ ಹಿಸ್ಟೋಗ್ರಾಮ್ ತೆರೆದು ಅದನ್ನೇ ನೋಡಿ. ಸ್ಪಾಟ್ ಮೀಟರ್ ಅನ್ನು ಯಾವಾಗಲೂ ಕೆನ್ನೆಗೆ ಹಿಡಿಯಿರಿ, ಸೀರೆಗಲ್ಲ. ಜರಿಯ ಒಂದೆರಡು ಮಿಂಚು ಬೆಳ್ಳಗಾಗಲಿ, ಅದು ಅದರ ಗುಣ. ಪೋಲರೈಸರ್ ಫಿಲ್ಟರ್ ಎಲೆಯ, ಬೆವರಿನ ಹೊಳಪನ್ನು ತಗ್ಗಿಸುತ್ತದೆ. ಲೋಹದ ಹೊಳಪಿನ ಮೇಲೆ ಅದು ನಡೆಯದು, ಆದ್ದರಿಂದ ಒಡವೆ ಮಂಕಾಗುವ ಭಯವಿಲ್ಲ.

ನೆರಳಿನಲ್ಲಿ ಬೆಳಕು ನೀಲಿ. ಬಿಸಿಲು ಸುಮಾರು 5500 ಕೆಲ್ವಿನ್ ಇದ್ದರೆ ನೆರಳು 7000 ದಾಟುತ್ತದೆ. ವೈಟ್ ಬ್ಯಾಲೆನ್ಸನ್ನು ‘ಶೇಡ್’ಗೆ ಇಟ್ಟು ರಾ ಫೈಲಿನಲ್ಲೇ ತೆಗೆಯಿರಿ.

ಮೊಬೈಲಿನಲ್ಲಿ ತೆಗೆಯುವವರು ಮುಖದ ಮೇಲೆ ಬೆರಳು ಒತ್ತಿ ಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಿ, ಆಮೇಲೆ ಅಗತ್ಯದಷ್ಟು ಏರಿಳಿಸಿ. ಪೋರ್ಟ್ರೇಟ್ ಮೋಡ್ ಜುಮಕಿಯ ಅಂಚನ್ನೂ ಮಲ್ಲಿಗೆಯ ದಂಡೆಯನ್ನೂ ಹಿನ್ನೆಲೆಯೆಂದು ತಿಳಿದು ಅಳಿಸಿಬಿಡುವುದುಂಟು. ತೆಗೆದ ಕೂಡಲೇ ಹಿಗ್ಗಿಸಿ ನೋಡಿಕೊಳ್ಳಿ.

ಮೋಡ ಮತ್ತು ಇಳಿಬಿಸಿಲು

ಆಷಾಢ ಕಳೆದು ಶ್ರಾವಣದ ಮದುವೆಗಳು ಶುರುವಾದಾಗ ಆಕಾಶ ಮುಚ್ಚಿರುತ್ತದೆ. ಬೆಳಕು ಮೆತ್ತಗಿದ್ದರೂ ಬರುವುದು ಮೇಲಿನಿಂದಲೇ, ಹಾಗಾಗಿ ಥರ್ಮಾಕೋಲ್ ಆಗಲೂ ಬೇಕು. ಬೆಳ್ಳಗಿನ ಬರಿ ಆಕಾಶವನ್ನು ಚೌಕಟ್ಟಿನಿಂದ ಹೊರಗಿಡಿ. ಮಳೆಯಲ್ಲಿ ನೆಂದ ಗೋಡೆ, ಎಲೆ, ಕಲ್ಲು ಎಲ್ಲವೂ ಬಣ್ಣ ಕಟ್ಟಿರುತ್ತವೆ, ಅವೇ ಹಿನ್ನೆಲೆಯಾಗಲಿ.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮೂರೂವರೆಯ ನಂತರ ಸೂರ್ಯ ಮದುಮಗಳ ಬೆನ್ನಿಗೆ ಸಿಗುವಷ್ಟು ಇಳಿದಿರುತ್ತಾನೆ. ಆಗ ಬೆನ್ನಿಗೆ ಬಿಸಿಲು ಕೊಟ್ಟು ನಿಲ್ಲಿಸಿದರೆ ಕೂದಲಿನ ಅಂಚು, ಮಲ್ಲಿಗೆ, ಸೆರಗು ಹೊಳೆಯುತ್ತವೆ. ಎಕ್ಸ್‌ಪೋಷರ್ ಮುಖಕ್ಕೇ ಇರಲಿ, ಹಿನ್ನೆಲೆ ಸ್ವಲ್ಪ ಬೆಳ್ಳಗಾದರೆ ಆಗಲಿ. ಲೆನ್ಸಿಗೆ ನೇರ ಬಿಸಿಲು ಬೀಳದಂತೆ ಹುಡ್ ಹಾಕಿ, ಸಾಲದಿದ್ದರೆ ಒಬ್ಬರ ಕೈ ಅಡ್ಡ ಹಿಡಿಸಿ.

ಚಿನ್ನದ ಬೆಳಕು ಒಂದು ಗಂಟೆ ಇರುತ್ತದೆಂದು ವಿದೇಶಿ ಪುಸ್ತಕಗಳಲ್ಲಿ ಓದಿ ನಮ್ಮವರು ಮೋಸಹೋಗುತ್ತಾರೆ. ಯುರೋಪಿನಲ್ಲಿ ಸೂರ್ಯ ಓರೆಯಾಗಿ ಜಾರುತ್ತಾನೆ. ನಮ್ಮಲ್ಲಿ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ, ಕೊನೆಯ ಆರು ಡಿಗ್ರಿ ಇಳಿಯಲು ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಮಲೆನಾಡಿನಲ್ಲಾದರೆ ಗುಡ್ಡ ಇನ್ನೂ ಮೊದಲೇ ಅವನನ್ನು ನುಂಗುತ್ತದೆ. ಮುಳುಗಿದ ಮೇಲೂ ಹತ್ತು ನಿಮಿಷ ಪಡುವಣದ ಆಕಾಶದ ಕಡೆ ಮುಖ ಮಾಡಿಸಿ ತೆಗೆಯಬಹುದು. ಐಎಸ್‌ಒ 800 ಅಥವಾ 1600ಕ್ಕೆ ಏರಿಸಿ, ಶಟರ್ 1/160ಕ್ಕಿಂತ ಕೆಳಗೆ ಇಳಿಸಬೇಡಿ.

ಮೈಬಣ್ಣ ಮುಟ್ಟಬೇಡಿ

ಎಡಿಟಿಂಗ್‌ನಲ್ಲಿ ಬೆಳಕು ತಿದ್ದಿ, ಬೆವರಿನ ಹೊಳಪು ತಗ್ಗಿಸಿ, ನೀಲಿ ತೆಗೆಯಿರಿ. ಕಪ್ಪು, ಎಣ್ಣೆಗಪ್ಪು, ಗೋಧಿ ಬಣ್ಣದ ಹುಡುಗಿಯರನ್ನು ಬೆಳ್ಳಗೆ ಮಾಡಿ ಕೊಡುವ ಚಾಳಿ ನಮ್ಮ ಸ್ಟುಡಿಯೋಗಳಲ್ಲಿ ಇನ್ನೂ ಇದೆ. ಮನೆಯವರು ಕೇಳುತ್ತಾರೆ ಎಂಬ ಸಬೂಬೂ ಇದೆ. ಎಣ್ಣೆಗಪ್ಪಿನ ಮುಖದ ಮೇಲೆ ಜಗಲಿಯ ಬೆಳಕು ಮೂಡಿಸುವ ಹೊಳಪು ಬೆಳ್ಳಗಿನ ಮುಖದ ಮೇಲೆ ಮೂಡುವುದಿಲ್ಲ. ಅದನ್ನು ಅಳಿಸಿದರೆ ಅಷ್ಟು ಹೊತ್ತು ಬೆಳಕು ಹುಡುಕಿದ್ದೆಲ್ಲ ವ್ಯರ್ಥ. ಹಣೆಯ ಬಣ್ಣವೂ ಕೈಯ ಬಣ್ಣವೂ ಒಂದೇ ಇದೆಯೇ ಎಂದು ನೋಡಿ ಕೊಡಿ.

ಮದುವೆ ಮನೆಯವರಲ್ಲಿ ಒಂದು ಕೋರಿಕೆ. ಆರತಕ್ಷತೆ ಏಳಕ್ಕೆ ಎಂದು ಅಚ್ಚು ಹಾಕಿಸಿ, ಮದುಮಗಳ ಅಲಂಕಾರವನ್ನು ಆರೂಮುಕ್ಕಾಲಿಗೆ ಮುಗಿಸುತ್ತೀರಿ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ಸೂರ್ಯಾಸ್ತ ಸುಮಾರು ಆರೂವರೆಗೆ, ಮಂಗಳೂರಿನಲ್ಲಿ ಅದಕ್ಕಿಂತ ಹತ್ತು ಹನ್ನೆರಡು ನಿಮಿಷ ತಡ. ಬ್ಯೂಟಿಷಿಯನ್‌ಗೆ ಐದೂವರೆಯ ಗಡುವು ಕೊಟ್ಟು, ಸೂರ್ಯಾಸ್ತಕ್ಕೆ ಮುಂಚಿನ ಅರ್ಧ ಗಂಟೆ ನೆಂಟರನ್ನು ತಡೆದು, ಮದುಮಗಳನ್ನು ಫೋಟೊದವರ ಜೊತೆ ಹೊರಗೆ ಕಳಿಸಿಕೊಡಿ.